ಸೂಜಿಮೊನೆಯ ಸಾಕ್ಷ್ಯ

ಗಂಟಲಮಣಿಗೆ ತುಸು ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಶ್ವಾಸನಾಳವನ್ನು ತಬ್ಬಿ ಕುಳಿತಿರುವ ಗ್ರಂಥಿಗೆ ಥೈರಾಯಿಡ್ ಎಂದು ಹೆಸರು. ಅದರಲ್ಲಿ ಗಂಟು ಮೂಡುವುದು ಅಪರೂಪವೇನಲ್ಲ, ಹೆಂಗಸರಲ್ಲಂತೂ ಹೆಚ್ಚು. ಸರ ತೊಡುವಾಗ ಕನ್ನಡಿಯಲ್ಲಿ ಕಂಡಿರಲಿ, ಬೇರಾವುದಕ್ಕೋ ಮಾಡಿಸಿದ ಅಲ್ಟ್ರಾಸೌಂಡಿನಲ್ಲಿ ಸಿಕ್ಕಿರಲಿ, ಗಂಟೆಂದೊಡನೆ ಮನೆಮಂದಿಗೆಲ್ಲ ಕ್ಯಾನ್ಸರಿನ ಭಯ. ವಾಸ್ತವವಾಗಿ ಇಂಥ 100 ಗಂಟುಗಳಲ್ಲಿ ಸುಮಾರು 90 ನಿರುಪದ್ರವಿಗಳು. ಉಳಿದವನ್ನು ಆರಿಸಲು ಎಲ್ಲವನ್ನೂ ಕೊಯ್ಯುವುದು ಅನ್ಯಾಯ: ದನಿಯ ನರಕ್ಕೆ ಅಪಾಯ, ಗ್ರಂಥಿ ಪೂರ್ತಿ ಹೋದರೆ ಬಾಳಿನುದ್ದಕ್ಕೂ ಗುಳಿಗೆ.

ಆರಿಸುವ ಕೆಲಸಕ್ಕೆ ಒದಗಿಬಂದದ್ದು ಸೂಜಿ. ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲಿಸ್ ಎಂಬವರು ಗಡ್ಡೆಗಳಿಂದ ಸೂಜಿಯಲ್ಲಿ ಜೀವಕೋಶಗಳನ್ನು ಹೀರಿ ಪರೀಕ್ಷಿಸಿದ ವಿಷಯವನ್ನು 1930ರಲ್ಲಿ ಪ್ರಕಟಿಸಿದರು. ಅವರ ಸೂಜಿ ದಪ್ಪ. ತೆಳುಸೂಜಿಯ ವಿಧಾನವನ್ನು ಬೆಳೆಸಿದ ಕೀರ್ತಿ ಮುಖ್ಯವಾಗಿ ಸ್ಟಾಕ್‌ಹೋಮಿನ ವೈದ್ಯರದು. ಇಂದಿನ ಸೂಜಿ ರಕ್ತ ತೆಗೆಯುವ ಸೂಜಿಗಿಂತ ದಪ್ಪವಲ್ಲ. ಚುಚ್ಚಿ ಕೆಣಕಿದರೆ ರೋಗ ಹರಡೀತೆಂಬ ಅಂಜಿಕೆ ನಮ್ಮಲ್ಲಿ ಬಲವಾಗಿದೆ; ಹಾಗಾಗುವುದು ತೀರ ವಿರಳ.

ಹೀಗೆ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವುದು ನನ್ನ ವೃತ್ತಿ. "ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿಬಿಡಿ ಡಾಕ್ಟರೇ" ಎಂದು ಕೇಳುವವರು ಬಹಳ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಪಾತ್ರೆಯ ಅಗುಳೆಲ್ಲ ಒಂದೇ ಬೆಂಕಿಯಲ್ಲಿ ಬೆಂದವು. ಗಂಟು ಹಾಗಲ್ಲ. ಒಂದು ಮೂಲೆಯಲ್ಲಿ ನೀರು, ಇನ್ನೊಂದರಲ್ಲಿ ಬರಿಯ ರಕ್ತ. ಆದ್ದರಿಂದ ಹತ್ತತ್ತು ಕೋಶಗಳ 6 ಗುಂಪುಗಳಾದರೂ ದೊರೆಯದೆ ನಿರುಪದ್ರವಿಯೆಂದು ಬರೆಯಬಾರದೆಂಬುದು ಸಾಮಾನ್ಯ ನಿಯಮ. 'ಸಾಲದು' ಎಂಬ ವರದಿಯನ್ನು 'ಏನೂ ಇಲ್ಲ' ಎಂದು ಓದಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುವವರನ್ನು ಕಂಡರೆ ನನಗೆ ದಿಗಿಲು.

ಅಮೆರಿಕದ ಬೆಥೆಸ್ಡಾದಲ್ಲಿ 2007ರಲ್ಲಿ ಸೇರಿದ ತಜ್ಞರ ಸಭೆಯಿಂದ ಹುಟ್ಟಿದ ಆರು ವರ್ಗಗಳ ಪದ್ಧತಿಯೇ ಇಂದು ರೂಢಿಯಲ್ಲಿದೆ. ಅದರ 2023ರ ಆವೃತ್ತಿಯ ಸರಾಸರಿಯಂತೆ, 'ಕ್ಯಾನ್ಸರ್' ಎಂದ ವರದಿ 100ಕ್ಕೆ 97ರಲ್ಲಿ ನಿಜ. 'ನಿರುಪದ್ರವಿ' ಎಂದದ್ದರಲ್ಲಿ ಕ್ಯಾನ್ಸರ್ ಅಡಗಿರುವುದು 4ರಲ್ಲಿ. ಈ 4 ಸಹ ಶಸ್ತ್ರಚಿಕಿತ್ಸೆಯಾದವರ ಲೆಕ್ಕ. ಕೊಯ್ಯದೆ ಬಿಟ್ಟವರನ್ನೂ ಸೇರಿಸಿದರೆ ಇನ್ನೂ ಕಡಿಮೆ. ಎರಡು ತುದಿಗಳಲ್ಲಿ ಸೂಜಿಯ ಸಾಕ್ಷ್ಯವನ್ನು ನಂಬಬಹುದು.

ತೊಡಕಿರುವುದು ನಡುವೆ. ಥೈರಾಯಿಡ್ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದ ಪ್ಯಾಪಿಲರಿ ಬಗೆ ತನ್ನ ಗುರುತನ್ನು ಕೋಶದ ಮುಖದ ಮೇಲೆಯೇ ಹೊತ್ತಿರುತ್ತದೆ: ಕೋಶಕೇಂದ್ರದಲ್ಲಿ ಕಾಫಿಬೀಜದ ಸೀಳಿನಂಥ ಗೀಟು. ಫಾಲಿಕ್ಯುಲರ್ ಬಗೆಯಲ್ಲಿ ಅಂಥ ಗುರುತಿಲ್ಲ. ನಿರುಪದ್ರವಿ ಗಂಟಿನ ಕೋಶವೂ ಕ್ಯಾನ್ಸರಿನ ಕೋಶವೂ ಅವಳಿಗಳು. ಕ್ಯಾನ್ಸರಿನ ಕೋಶ ಗಂಟನ್ನು ಸುತ್ತಿದ ಪೊರೆಯನ್ನೋ ರಕ್ತನಾಳದ ಗೋಡೆಯನ್ನೋ ಭೇದಿಸಿರುತ್ತದೆ, ಅಷ್ಟೇ ವ್ಯತ್ಯಾಸ. ಕೋಟೆಯೊಳಗಿಂದ ಹಿಡಿದು ತಂದ ನಾಲ್ಕು ಜನರ ಮುಖ ನೋಡಿ, ಕೋಟೆಯ ಗೋಡೆ ಒಡೆದಿದೆಯೇ ಎಂದು ಹೇಳಬಲ್ಲವರಾರು? ಇಂಥ ಗಂಟುಗಳಲ್ಲಿ ಕ್ಯಾನ್ಸರಿನ ಸಾಧ್ಯತೆ 100ಕ್ಕೆ ಸುಮಾರು 30. ಸಾಮಾನ್ಯವಾಗಿ ಗ್ರಂಥಿಯ ಒಂದು ಪಾರ್ಶ್ವವನ್ನು ತೆಗೆದು, ಪೊರೆಯನ್ನು ಪರೀಕ್ಷಿಸಿಯೇ ನಿರ್ಣಯ. ವರದಿ ಬರೆದವನ ಹಿಂಜರಿಕೆಯೆಂದು ಇದನ್ನು ಬಗೆಯುವವರುಂಟು. ಕಾಣದುದನ್ನು ಕಂಡೆನೆಂದು ಬರೆಯುವ ಧೈರ್ಯ ನನಗೆ ಬೇಡ. ಜೀನುಗಳ ಪರೀಕ್ಷೆಯೂ ಈಗ ಬಂದಿದೆ. ವೆಚ್ಚ ಮಾತ್ರ ಬಹಳ.

ಸಂದೇಹ ಇಷ್ಟು ಖಚಿತವಲ್ಲದೆ, ಕೋಶಗಳು ಕೊಂಚ ವಿಲಕ್ಷಣವಾಗಿ ಕಂಡಾಗ ಸೂಜಿಯನ್ನು ಮತ್ತೊಮ್ಮೆ ಚುಚ್ಚಿಸುವುದು ರೂಢಿ. ವರದಿ 'ನಿರುಪದ್ರವಿ' ಎಂದರೂ ಅಲ್ಟ್ರಾಸೌಂಡಿನಲ್ಲಿ ಒರಟು ಅಂಚು, ಸುಣ್ಣದ ಕಣಗಳು ಕಂಡಿದ್ದರೆ ವರ್ಷದೊಳಗೆ ಪುನಃ ಪರೀಕ್ಷಿಸಬೇಕು. ಹಾಗಿಲ್ಲದವರು ವೈದ್ಯರು ಹೇಳಿದ ಗಡುವಿಗೆ ಅಳತೆ ನೋಡಿಸಿದರಾಯಿತು. ಹಳೆಯ ವರದಿಯನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದು ಜೋಪಾನವಾಗಿಟ್ಟುಕೊಂಡಿದ್ದರೆ ಆಗ ಹೋಲಿಸಿ ನೋಡುವವರಿಗೆ ದೊಡ್ಡ ಉಪಕಾರ.