ಸವದತ್ತಿಯಲ್ಲಿ ಬಿದ್ದ ದಂಡ, ಬೈಲಹೊಂಗಲದಲ್ಲಿ ಕಟ್ಟಬಹುದೇ?

ಪ್ರಶ್ನೆ: ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಹೆಲ್ಮೆಟ್ ಇಲ್ಲವೆಂದು ಸವದತ್ತಿಯಲ್ಲಿ ಕೇಸು ಹಾಕಿದ್ದಾರೆ. ನಾನು ಬೈಲಹೊಂಗಲದವನು. ದಂಡ ಪುರಸಭೆಯಲ್ಲಿ ಕಟ್ಟಬೇಕೇ?

ಉತ್ತರ: ಪುರಸಭೆಗೂ ಇದಕ್ಕೂ ಸಂಬಂಧವಿಲ್ಲ. ಇದು ಮೋಟಾರು ವಾಹನ ಕಾಯ್ದೆಯ ಕೇಸು. ರಾಜಿ ದಂಡ ಕಟ್ಟಿದರೆ ಅಲ್ಲಿಗೇ ಮುಗಿಯುತ್ತದೆ. ಹೆಲ್ಮೆಟ್ಟಿಗೆ ಕರ್ನಾಟಕದಲ್ಲಿ 2019ರ ಸೆಪ್ಟೆಂಬರಿನಲ್ಲಿ ಇಳಿಸಿದ ದರ 500 ರೂಪಾಯಿ.

ಮೊದಲು ಕೇಸು ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ. ಪರಿವಾಹನ್ ಇ-ಚಲನ್ ತಾಣದಲ್ಲಿ ಗಾಡಿ ನಂಬರು (ಬೈಲಹೊಂಗಲದ ನೋಂದಣಿಯಾದರೆ ಕೆಎ-24), ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿ. ಆರ್‌ಸಿಯಲ್ಲಿ ಎರಡೂ ಇರುತ್ತವೆ. ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು ಮಾತ್ರ ದಯವಿಟ್ಟು ಒತ್ತಬೇಡಿ. ಚಲನ್ ಹೆಸರಿನಲ್ಲಿ ಬ್ಯಾಂಕ್ ಖಾತೆ ಖಾಲಿ ಮಾಡುವ ಕಳ್ಳರಿದ್ದಾರೆ. ಗಾಡಿ ಮಾರಿ ಆರ್‌ಸಿ ವರ್ಗಾಯಿಸದಿದ್ದರೆ, ಇನ್ನೊಬ್ಬರ ತಪ್ಪಿನ ನೋಟಿಸೂ ನಿಮ್ಮ ಮನೆಗೇ ಬರುತ್ತದೆ.

ತಪ್ಪು ಒಪ್ಪಿಕೊಂಡರೆ ಮನೆಯಿಂದಲೇ ಆನ್‌ಲೈನಿನಲ್ಲಿ ಕಟ್ಟಿ, ರಸೀದಿ ತೆಗೆದಿಡಿ. ತಕರಾರಿದ್ದರೆ ಊರು ನೋಡಬೇಕಾಗುತ್ತದೆ: ತಪ್ಪು ನಡೆದ ಜಾಗದ ನ್ಯಾಯಾಲಯವೇ ವಿಚಾರಿಸುವುದರಿಂದ ನೀವು ಸವದತ್ತಿಯ ಜೆಎಂಎಫ್‌ಸಿ ಕೋರ್ಟಿಗೇ ಹೋಗಬೇಕು. ರಾಮದುರ್ಗದಲ್ಲಿ ಹಿಡಿದಿದ್ದರೆ ಅಲ್ಲಿಗೆ. ಸಮನ್ಸ್ ಬಂದಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸ್ ನಂಬರು ಹಾಕಿ ಮುಂದಿನ ತಾರೀಖು ನೋಡಿಕೊಳ್ಳಿ, ತಪ್ಪಿಸಬೇಡಿ.

ಅರ್ಧ ದಂಡದ ರಿಯಾಯಿತಿ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಬಂದಿತ್ತು. ಅದಕ್ಕಾಗಿ ಕಾಯುತ್ತ ಕೂರುವುದು ನನಗೆ ಸರಿ ಕಾಣದು. 500 ರೂಪಾಯಿಗೆ ಕೋರ್ಟಿಗೆ ಅಲೆದರೆ ಒಂದು ದಿನದ ದುಡಿಮೆ ಹೋಗುತ್ತದೆ.