ಕಂಪ್ಯೂಟರಿನ ಗರಡಿಮನೆ

ಐರ್ಲೆಂಡಿನ ದಕ್ಷಿಣದಲ್ಲಿ ಕಾರ್ಕ್ ಎಂಬ ಬಂದರು ನಗರವುಂಟು. ಅಮೆರಿಕದ ಆ್ಯಪಲ್ ಕಂಪನಿಯು 1980ರಲ್ಲಿಯೇ ಅಲ್ಲಿ ತನ್ನ ಕಾರ್ಖಾನೆಯನ್ನು ತೆರೆದಿತ್ತು. ಮೂವತ್ತು ವರ್ಷಗಳ ತರುವಾಯ ಅದೇ ಊರಿನ ಹುಡುಗನೊಬ್ಬನು ಅದೇ ಕಂಪನಿಯ ಅಂಗೈಯಗಲದ ಸಂಗೀತಯಂತ್ರವಾದ ಐಪಾಡ್ ನ್ಯಾನೋವಿನ ಒಳಗುಟ್ಟನ್ನು ಭೇದಿಸಿ, ಕಂಪನಿಯು ಬಿಗಿದಿದ್ದ ಕಟ್ಟುಗಳನ್ನು ಸಡಿಲಿಸಿಬಿಟ್ಟನು! ಹುಡುಗನ ಹೆಸರು ಜೇಮ್ಸ್ ವೆಲ್ಟನ್. ಓದುತ್ತಿದ್ದುದು ಪ್ರೆಸೆಂಟೇಷನ್ ಬ್ರದರ್ಸ್ ಕಾಲೇಜ್ ಎಂಬ ಶಾಲೆಯಲ್ಲಿ.

ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ಸಹಪಾಠಿಗಳು ಅವನನ್ನು ಮುತ್ತಿಕೊಂಡು, “ನಮಗೂ ಹೇಳಿಕೊಡು” ಎಂದರು. ಕಂಪ್ಯೂಟರಿಗೆ ಅದಕ್ಕೆ ತಿಳಿಯುವ ಭಾಷೆಯಲ್ಲಿ ಆಜ್ಞೆಗಳನ್ನು ಬರೆದುಕೊಡುವ ವಿದ್ಯೆ, ಅಂದರೆ ಕೋಡಿಂಗ್, ಆ ಶಾಲೆಗಳ ಪಾಠಪಟ್ಟಿಯಲ್ಲಿ ಇರಲಿಲ್ಲ. 2011ರ ಆರಂಭದಲ್ಲಿ ವೆಲ್ಟನ್ ಶಾಲೆಯಲ್ಲಿಯೇ ಒಂದು ಕ್ಲಬ್ ಕಟ್ಟಿ, ತನಗೆ ತಿಳಿದುದನ್ನು ಗೆಳೆಯರಿಗೆ ಹೇಳಿಕೊಡತೊಡಗಿದನು.

ಕಾಲವಾದರೋ ಕೆಟ್ಟ ಕಾಲ. ಅದಕ್ಕೆ ಕೆಲವೇ ತಿಂಗಳ ಮೊದಲು, 2010ರ ನವೆಂಬರಿನಲ್ಲಿ, ಐರ್ಲೆಂಡ್ ಸರ್ಕಾರವು ಐರೋಪ್ಯ ಒಕ್ಕೂಟದ ಮುಂದೆಯೂ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆಯೂ ಸಾಲಕ್ಕಾಗಿ ಕೈಯೊಡ್ಡಿತ್ತು. ತರುಣರು ಕೆಲಸವನ್ನರಸಿ ಹಡಗು, ವಿಮಾನಗಳನ್ನೇರುತ್ತಿದ್ದರು. ತಮ್ಮ ಮಕ್ಕಳ ಪಾಡೇನು ಎಂದು ಚಿಂತಿಸುತ್ತಿದ್ದ ತಂದೆತಾಯಿಗಳಿಗೆ ಈ ಹುಡುಗನ ಕ್ಲಬ್ಬು ಕೇವಲ ಆಟವಾಗಿ ತೋರದಿದ್ದುದರಲ್ಲಿ ಆಶ್ಚರ್ಯವೇನಿದೆ?

ಬಿಲ್ ಲಿಯಾವೊ ಎಂಬ ಉದ್ಯಮಿಗೆ ವೆಲ್ಟನ್‌ನ ಪರಿಚಯವಾಯಿತು. ಒಂದು ಶಾಲೆಯ ಗೋಡೆಯೊಳಗಿದ್ದ ಕ್ಲಬ್ಬನ್ನು ಊರಿಗೆಲ್ಲ ತೆರೆಯಬೇಕೆಂದು ಇಬ್ಬರೂ ನಿಶ್ಚಯಿಸಿದರು. 2011ರ ಜುಲೈ 23ರಂದು ಕಾರ್ಕ್‌ನ ನ್ಯಾಷನಲ್ ಸಾಫ್ಟ್‌ವೇರ್ ಸೆಂಟರಿನಲ್ಲಿ ಮೊದಲ ಸಭೆ ಸೇರಿತು. ಹೆಸರು ಕೋಡರ್‌ಡೋಜೊ. ಡೋಜೊ ಎಂದರೆ ಜಪಾನಿನಲ್ಲಿ ಕರಾಟೆ, ಜೂಡೊಗಳ ಅಭ್ಯಾಸ ನಡೆಯುವ ಶಾಲೆ. ನಮ್ಮ ಮಾತಿನಲ್ಲಿ ಗರಡಿಮನೆ ಎನ್ನೋಣ.

ಹೆಸರು ಸಾರ್ಥಕವಾದದ್ದೇ. ಗರಡಿಯಲ್ಲಿ ಉಪನ್ಯಾಸ ಕೇಳಿ ಯಾರೂ ಪೈಲ್ವಾನರಾಗುವುದಿಲ್ಲವಷ್ಟೆ! ಇಲ್ಲಿಯೂ ಏಳರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ಬಂದು, ತಮಗೆ ಬೇಕಾದುದನ್ನು ತಾವೇ ಮಾಡತೊಡಗುವರು. ಚಿಕ್ಕವರು ಬಣ್ಣದ ತುಂಡುಗಳನ್ನು ಪರದೆಯ ಮೇಲೆ ಜೋಡಿಸಿ ಬೆಕ್ಕನ್ನು ಕುಣಿಸಿದರೆ, ದೊಡ್ಡವರು ಆಟಗಳನ್ನೂ ಜಾಲತಾಣಗಳನ್ನೂ ರಚಿಸುವರು. ಸಂಬಳವಿಲ್ಲದ ಮಾರ್ಗದರ್ಶಕರು ನಡುನಡುವೆ ಓಡಾಡುವರು. “ಮೊದಲು ಮೂರು ಕಡೆ ಕೇಳು, ಆಮೇಲೆ ನನ್ನನ್ನು ಕೇಳು” ಎಂಬುದು ಅಲ್ಲಿಯ ಪದ್ಧತಿ. ಪಕ್ಕದ ಹುಡುಗಿಗೆ ಗೊತ್ತಿದ್ದರೆ ಗುರುವೇಕೆ? ಹನ್ನೆರಡರೊಳಗಿನ ಮಕ್ಕಳೊಡನೆ ತಾಯಿಯೋ ತಂದೆಯೋ ಕುಳಿತಿರಬೇಕು. ಹಾಗೆ ಕುಳಿತು ಬೇಸತ್ತವರು ತಾವೂ ಕಲಿತು, ಮುಂದೆ ಮಾರ್ಗದರ್ಶಕರಾದುದೂ ಉಂಟು.

ಶುಲ್ಕ ಮಾತ್ರ ಇಲ್ಲ, ಒಂದು ಕಾಸೂ ಇಲ್ಲ. ಮಕ್ಕಳಿಗೆ ಕೋಡಿಂಗ್ ಕಲಿಸುತ್ತೇವೆಂದು ಸಾವಿರಗಟ್ಟಲೆ ರೂಪಾಯಿ ಕೇಳುವ ಜಾಹೀರಾತುಗಳನ್ನು ದಿನವೂ ನೋಡುವ ನಮ್ಮ ಗೃಹಸ್ಥರಿಗೆ ಇದನ್ನು ನಂಬುವುದು ಕಷ್ಟವಾದೀತು.

ಡಬ್ಲಿನ್ ನಗರದಿಂದ ಜನರು ಮಕ್ಕಳನ್ನು ಕರೆದುಕೊಂಡು ಕಾರ್ಕ್‌ಗೆ ಬರತೊಡಗಿದರು. ಬೆಂಗಳೂರಿನಿಂದ ದಾವಣಗೆರೆಗೆ ಹೋದಷ್ಟು ದೂರ! ಡಬ್ಲಿನ್ನಿನಲ್ಲಿಯೂ ಗರಡಿ ತೆರೆಯಿತು. ಬಳಿಕ ಕಡಲಾಚೆಗೂ ಹಬ್ಬಿತು. ಕೇಂದ್ರ ಕಚೇರಿಯ ಅಪ್ಪಣೆಗಾಗಿ ಯಾರೂ ಕಾಯಬೇಕಾಗಿರಲಿಲ್ಲ. ಒಂದು ಕೋಣೆ, ನಾಲ್ಕು ಜನ ಉತ್ಸಾಹಿಗಳು, ಉಚಿತವಾಗಿ ನಡೆಸುವ ಮಾತು, ಇಷ್ಟಿದ್ದರೆ ಸಾಕಾಗಿತ್ತು.

ತೊಡಕು ಮೊದಲಾದುದೂ ಇಲ್ಲಿಯೇ. ಹತ್ತು ಜನ ಗೆಳೆಯರ ಕೂಟಕ್ಕೆ ಲೆಕ್ಕಪತ್ರವೇಕೆ? ಆದರೆ ಸಾವಿರಾರು ಅಪರಿಚಿತರ ಮಕ್ಕಳು ಸೇರುವಲ್ಲಿ ಮಾರ್ಗದರ್ಶಕನ ಪೂರ್ವೋತ್ತರವನ್ನು ವಿಚಾರಿಸಬೇಕು, ವಿಮೆ ಬೇಕು, ದಾನಿಗಳಿಗೆ ಲೆಕ್ಕ ಒಪ್ಪಿಸಬೇಕು. 2013ರಲ್ಲಿ ಈ ಹೊರೆಯನ್ನು ಹೊರಲು ಒಂದು ಪ್ರತಿಷ್ಠಾನವೇ ಸ್ಥಾಪಿತವಾಯಿತು. ಮರುವರ್ಷ ಮೇರಿ ಮೊಲೋನಿ ಎಂಬ ಅನುಭವಿ ಮಹಿಳೆ ಅದರ ಆಡಳಿತವನ್ನು ವಹಿಸಿಕೊಂಡರು. ಹುಡುಗರ ಉತ್ಸಾಹಕ್ಕೆ ಹಿರಿಯರ ಶಿಸ್ತು ಬಂದಿತು. ಇದರಿಂದ ಸೊಗಸು ಕೆಟ್ಟಿತೆನ್ನುವವರು ಇದ್ದಾರು. ಆದರೆ ಮಗುವನ್ನು ಒಳಗೆ ಕಳುಹಿಸುವ ತಾಯಿಗೆ ಸೊಗಸಿಗಿಂತ ಭರವಸೆ ದೊಡ್ಡದು. ಅಲ್ಲದೆ ಪ್ರತಿಷ್ಠಾನವು ಗರಡಿಗಳ ಒಡೆತನವನ್ನು ತಾನು ಕೇಳಲಿಲ್ಲ. ಅವು ಆಯಾ ಊರಿನವರ ಕೈಯಲ್ಲಿಯೇ ಉಳಿದವು, ಶುಲ್ಕವೂ ಹುಟ್ಟಲಿಲ್ಲ. ಅದರ ಜಾಣತನವಿದ್ದುದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

2017ರ ಮೇ ತಿಂಗಳಲ್ಲಿ ಈ ಸಂಸ್ಥೆಯು ಇಂಗ್ಲೆಂಡಿನ ಕೇಂಬ್ರಿಜ್‌ನ ರಾಸ್ಪ್‌ಬೆರಿ ಪೈ ಪ್ರತಿಷ್ಠಾನದೊಡನೆ ಕೈಜೋಡಿಸುವುದಾಗಿ ಸಾರಿತು. ಕಿಸೆಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರನ್ನು 2012ರಲ್ಲಿ ಹೊರತಂದ ಸಂಸ್ಥೆ ಅದು. ಆ ವೇಳೆಗೆ 69 ದೇಶಗಳಲ್ಲಿ 1,250ಕ್ಕೂ ಮಿಕ್ಕಿ ಗರಡಿಗಳಿದ್ದವು. ತಪ್ಪದೆ ಬರುತ್ತಿದ್ದ ಮಕ್ಕಳು 35,000ಕ್ಕೂ ಹೆಚ್ಚು.

ಐರ್ಲೆಂಡಿನ ಪ್ರೌಢಶಾಲೆಯ ಕೊನೆಯ ಪರೀಕ್ಷೆಗೆ ಕಂಪ್ಯೂಟರ್ ವಿಜ್ಞಾನವು ಒಂದು ವಿಷಯವಾಗಿ ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಅದೂ ಮೊದಲಿಗೆ 40 ಶಾಲೆಗಳಲ್ಲಿ ಮಾತ್ರ. ಆ ಹೊತ್ತಿಗೆ ವೆಲ್ಟನ್‌ನ ಕ್ಲಬ್ಬಿಗೆ ಏಳು ವರ್ಷ ತುಂಬಿತ್ತು.