ಅರಣ್ಯದ ನಡುವೆ ಎದ್ದ ಪಾಠಶಾಲೆ

ಭೂಮಿಯನ್ನು ದತ್ತಿ ಬಿಟ್ಟ ಮಾತ್ರಕ್ಕೆ ವಿದ್ಯಾಶಾಲೆಯೊಂದು ನೆಲೆನಿಲ್ಲುವುದೆ, ಅಥವಾ ಅದಕ್ಕೆ ಜನರ ನಿತ್ಯಶ್ರಮವೂ ಬೇಕೆ ಎಂಬುದು ಶಿಕ್ಷಣಾಸಕ್ತರೆಲ್ಲರೂ ಆಲೋಚಿಸತಕ್ಕ ವಿಷಯ. ಅಮೆರಿಕದ ಓಹಾಯೋ ನದಿಯ ತೀರದಲ್ಲಿ ಕಾಡು ಕಡಿದು ನೆಲಸಿದ ವಲಸಿಗರ ಮೊದಲ ಶಾಲೆಗಳ ವೃತ್ತಾಂತವು ಇದಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ.

ಆ ರಾಷ್ಟ್ರದ ಕಾಂಗ್ರೆಸ್ ಸಭೆಯು 1785ರಲ್ಲಿ ಪಶ್ಚಿಮದ ಭೂಮಿಯನ್ನು ಅಳೆದು ಹಂಚುವ ಕಾಯಿದೆಯೊಂದನ್ನು ಹೊರಡಿಸಿತು. ಅದರಂತೆ ನೆಲವನ್ನು ಉದ್ದಗಲ ಆರಾರು ಮೈಲಿಯ ಚೌಕಗಳಾಗಿ ವಿಭಾಗಿಸಿ, ಒಂದೊಂದನ್ನೂ 36 ಪಾಲು ಮಾಡಿ, 640 ಎಕರೆಯ ಹದಿನಾರನೆಯ ಪಾಲನ್ನು ಶಾಲೆಗೆಂದು ಮೀಸಲಿಡಲಾಯಿತು. ಶಾಲೆಗಳಿಗೆ ಸದಾಕಾಲವೂ ಪ್ರೋತ್ಸಾಹ ಸಲ್ಲತಕ್ಕದ್ದೆಂದು 1787ರ ಶಾಸನವು ವಿಧಿಸಿತು. ಉದ್ದೇಶವೇನೋ ಉದಾತ್ತವಾದುದೇ. ಆದರೆ ಅದು ಶಾನಿ, ಡೆಲವೇರ್, ಮಯಾಮಿ ಮೊದಲಾದ ಮೂಲನಿವಾಸಿಗಳು ಬಾಳುತ್ತಿದ್ದ ನೆಲ. ಪರರ ನೆಲದಿಂದ ಮಾಡಿದ ದಾನವಿದೆಂಬ ಕಹಿಸತ್ಯವನ್ನು ಮರೆಯಲಾಗದು.

1788ರ ಏಪ್ರಿಲ್ 7ರಂದು ರೂಫಸ್ ಪಟ್ನಮ್ ಎಂಬ ಸೇನಾನಿಯ ನೇತೃತ್ವದಲ್ಲಿ ಬಂದ ತಂಡವು, ಮಸ್ಕಿಂಗಮ್ ನದಿಯು ಓಹಾಯೋವನ್ನು ಕೂಡುವೆಡೆಯಲ್ಲಿ ಮರಿಯೆಟ್ಟಾ ಎಂಬ ಊರನ್ನು ಕಟ್ಟತೊಡಗಿತು. ಶಾಲೆಗೆ ಕಾಗದದ ಮೇಲೆ ಭೂಮಿಯಿದ್ದಿತು. ಆದರೆ ಅದು ದಟ್ಟವಾದ ಕಾಡು. ಮರ ಕಡಿದು ಉಳುವವರಿಲ್ಲದೆ ಅದರಿಂದ ಒಂದು ಕಾಸೂ ಹುಟ್ಟುವಂತಿರಲಿಲ್ಲ. ಮಕ್ಕಳು ಅದಕ್ಕಾಗಿ ಕಾದು ಕುಳಿತಿರುವರೆ? ಮೊದಲ ವರ್ಷಗಳಲ್ಲಿ ಕೋಟೆಯ ಕೋಣೆಯೇ ಪಾಠಶಾಲೆಯಾಯಿತು. ನೆರೆಯ ಬೆಲ್ಪ್ರೆ ಎಂಬ ಪಾಳೆಯದಲ್ಲಿ ಬಾತ್‌ಷೀಬಾ ರೌಸ್ ಎಂಬ ಮಹಿಳೆಯು ಮಕ್ಕಳಿಗೆ ಅಕ್ಷರ ಕಲಿಸಿದರು. ಮೂಲನಿವಾಸಿಗಳೊಡನೆ ನಡೆದ ಯುದ್ಧವು 1795ರ ಒಪ್ಪಂದದಿಂದ ಮುಗಿಯಿತು. 1797ರಲ್ಲಿ ಊರವರು ತಾವೇ ಹಣ ಕೂಡಿಸಿ ಮಸ್ಕಿಂಗಮ್ ಅಕಾಡೆಮಿ ಎಂಬ ಶಾಲೆಯನ್ನು ಕಟ್ಟಲು ಮುಂದಾದರು. ಯೇಲ್ ವಿದ್ಯಾಲಯದಲ್ಲಿ ಓದಿದ ಡೇವಿಡ್ ಪಟ್ನಮ್ ಅದರ ಮೊದಲ ಉಪಾಧ್ಯಾಯರಾದರು.

ಒಳನಾಡಿನ ಹಳ್ಳಿಗಳಲ್ಲಿ ಇಷ್ಟು ಅನುಕೂಲವೂ ಇರಲಿಲ್ಲ. ಊರವರೆಲ್ಲ ಸೇರಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಯೆಬ್ಬಿಸಿ, ಸಂದುಗಳಿಗೆ ಜೇಡಿಮಣ್ಣು ಮೆತ್ತುತ್ತಿದ್ದರು. ಗಾಜು ದೊರೆಯದೆಡೆ ಕೊಬ್ಬು ಸವರಿದ ಕಾಗದವೇ ಕಿಟಕಿಗೆ ಹೊದಿಕೆ. ಸೀಳಿದ ದಿಮ್ಮಿಗೆ ಕಾಲು ಬಡಿದರೆ ಅದೇ ಮಣೆ, ಒರಗಲು ಬೆನ್ನಾಸರೆಯಿಲ್ಲ. ಒಂದು ಕೊನೆಯಲ್ಲಿ ದೊಡ್ಡ ಅಗ್ಗಿಷ್ಟಿಕೆ; ಅದಕ್ಕೆ ಸೌದೆಯನ್ನು ಪೋಷಕರೇ ಒದಗಿಸಬೇಕು. ಬೇಸಾಯದ ಕೆಲಸ ತೀರಿದ ಚಳಿಗಾಲದಲ್ಲಿ ದೊಡ್ಡ ಹುಡುಗರಿಗೆ ಪಾಠ. ಹಕ್ಕಿಯ ಗರಿಯೇ ಲೇಖನಿ, ಮರದ ತೊಗಟೆಯಿಂದ ಕಾಸಿದ ಕಷಾಯವೇ ಮಸಿ. ಪೋಷಕರು ಮಗುವಿಗಿಷ್ಟೆಂದು ಒಪ್ಪಿಕೊಂಡ ವಂತಿಗೆಯೇ ಉಪಾಧ್ಯಾಯರ ಸಂಬಳ. ಹಣವಿಲ್ಲದವರು ಧಾನ್ಯ ಕೊಡುತ್ತಿದ್ದುದುಂಟು. ಉಪಾಧ್ಯಾಯರು ಸರದಿಯಂತೆ ಶಿಷ್ಯರ ಮನೆಗಳಲ್ಲಿ ಉಂಡು ಮಲಗುತ್ತಿದ್ದರು. ನಮ್ಮಲ್ಲಿ ವಾರಾನ್ನವು ವಿದ್ಯಾರ್ಥಿಗಾದರೆ ಅಲ್ಲಿ ಗುರುವಿಗೆ!

ಇತ್ತ ಮೀಸಲು ಭೂಮಿಯ ಗತಿಯೇನು? ಓಹಾಯೋ ರಾಜ್ಯದಲ್ಲಿ ಅದನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆಯ ಹಣ ಸರಿಯಾಗಿ ಬರಲಿಲ್ಲ, ಮೇಲ್ವಿಚಾರಣೆ ಸಡಿಲವಾಯಿತು. 1826ರಲ್ಲಿ ಮಾರಾಟಕ್ಕೆ ಅನುಮತಿ ದೊರೆತ ಮೇಲೆ ಬಹುಪಾಲು ಅಗ್ಗದ ಬೆಲೆಗೆ ಕೈಬಿಟ್ಟುಹೋಯಿತು. ಈ ನಡುವೆ, 1825ರಲ್ಲಿ, ಶಾಲೆಗಳಿಗಾಗಿ ಜನರಿಂದಲೇ ತೆರಿಗೆಯೆತ್ತುವ ಕಾನೂನನ್ನು ಆ ರಾಜ್ಯವು ಮಾಡಬೇಕಾಯಿತು. ದತ್ತಿಯ ನೆಲ ಸಾಕಾಗಲಿಲ್ಲ. ಜನರ ಸಾಲುಸಾಲು ಕೈಗಳೇ ಬೇಕಾದವು.

ದಾನವು ಬೀಜ, ಕಾವಲು ಅದಕ್ಕೆ ಬೇಲಿ, ಪ್ರತಿವರ್ಷದ ಶ್ರಮವೇ ನೀರು. ಬೀಜವೊಂದನ್ನೇ ನೆಚ್ಚಿದಲ್ಲಿ ಬೆಳೆ ಕೈಗೆ ಬಾರದು. ಆ ದಿಮ್ಮಿಯ ಶಾಲೆಗಳನ್ನು ಉಳಿಸಿದ್ದು ಕಾಗದದ ಮೇಲಿದ್ದ 640 ಎಕರೆಯಲ್ಲ. ಚಳಿಯಲ್ಲಿ ಸೌದೆ ಹೊತ್ತು ತಂದ ತಂದೆಯೂ, ಗುರುವಿಗೆ ಅನ್ನವಿಕ್ಕಿದ ತಾಯಿಯೂ. ದಾನಿಗಳೂ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಸಮಾನವಾಗಿ ನೆನೆಯತಕ್ಕ ಮಾತಿದು.